ಹೂ ಬಿಡುವ ಹೊತ್ತಲ್ಲೇ ಟೊಮೆಟೊ ಗಿಡ ಸೊರಗುತ್ತಿದೆ, ಯಾಕೆ?

ಪ್ರಶ್ನೆ: ಕುಂಡದ ಟೊಮೆಟೊ ಗಿಡ ಇಷ್ಟು ದಿನ ಚೆನ್ನಾಗಿತ್ತು. ಹೂ ಶುರುವಾದ ಮೇಲೆ ಕೆಳಗಿನ ಎಲೆಗಳು ಹಳದಿಯಾಗುತ್ತಿವೆ, ನರಗಳು ಮಾತ್ರ ಹಸಿರು. ಹೂಗಳೂ ಕಾಯಿ ಕಚ್ಚದೆ ಉದುರುತ್ತಿವೆ. ಪೊಟ್ಯಾಷ್ ಜಾಸ್ತಿ ಇರುವ ಗೊಬ್ಬರ ವಾರವಾರ ಕೊಡುತ್ತಿದ್ದೇನೆ, ನೀರು ದಿನಾ. ಇನ್ನೇನು ಹಾಕಲಿ?

ಉತ್ತರ: ಹಾಕುವುದನ್ನು ಮೊದಲು ನಿಲ್ಲಿಸಿ! ನರ ಹಸಿರಾಗಿದ್ದು ಹಳೆ ಎಲೆಯಲ್ಲಿ ನರಗಳ ನಡುವಿನ ಭಾಗ ಮಾತ್ರ ಹಳದಿಯಾದರೆ ಅದು ಹೆಚ್ಚಾಗಿ ಮೆಗ್ನೀಸಿಯಂ ಕೊರತೆ, ಗಿಡ ಹಳೆ ಎಲೆಯಿಂದ ಅದನ್ನು ಎಳೆದು ಹೊಸ ಚಿಗುರಿಗೆ ಕೊಡುತ್ತದೆ, ಮತ್ತೆ ಪೊಟ್ಯಾಷ್ ಮಿತಿಮೀರಿದರೆ ಮಣ್ಣಲ್ಲಿ ಮೆಗ್ನೀಸಿಯಂ ಇದ್ದರೂ ಬೇರು ಸರಿಯಾಗಿ ಹೀರುವುದಿಲ್ಲ. ಲೀಟರ್ ನೀರಿಗೆ 5 ಗ್ರಾಂ ಎಪ್ಸಮ್ ಸಾಲ್ಟ್ (ಮೆಗ್ನೀಸಿಯಂ ಇರುವ ಉಪ್ಪು) ಕರಗಿಸಿ ಸಂಜೆ ಎಲೆಗೆ ಸಿಂಪಡಿಸಿ. ಹಳದಿಯಾದ ಎಲೆ ಹಸಿರಾಗುತ್ತದೆ ಅಂತ ಕಾಯಬೇಡಿ, ಹೊಸ ಎಲೆ ನೋಡಿ.

ಇನ್ನೊಂದು ಉತ್ತರ: ಎಲೆ ವಿಷಯ ಒಪ್ಪಿದೆ. ಆದರೆ ಹೂ ಉದುರುವುದು ಬೇರೆ ಕಥೆ ಇರಬಹುದು. ಹಗಲು 35 ಡಿಗ್ರಿ ಸೆಲ್ಸಿಯಸ್ ದಾಟಿದರೆ, ರಾತ್ರಿಯೂ ಸೆಕೆ ಇಳಿಯದಿದ್ದರೆ ಪರಾಗ ಕೆಡುತ್ತದೆ, ಆಗ ಯಾವ ಗೊಬ್ಬರವೂ ಕೆಲಸಕ್ಕೆ ಬರಲ್ಲ. ಮಧ್ಯಾಹ್ನ ನೆರಳು ಕೊಡಿ. ಗಾಳಿ ಆಡದ ಜಾಗವಾದರೆ ಬೆಳಿಗ್ಗೆ ಹೂಗೊಂಚಲನ್ನು ಮೆಲ್ಲಗೆ ತಟ್ಟಿ.

ಪ್ರಶ್ನೆ ಕೇಳಿದವರು: ಗಿಡ ಬಿಸಿಲು ಮಹಡಿ ಮೇಲಿದೆ, ಸೆಕೆ ವಿಪರೀತ. ನೀರು ಕಡಿಮೆ ಮಾಡಲಾ?

ಉತ್ತರ: ಸುಮ್ನೆ ಲೆಕ್ಕ ಹಾಕಿ ಹಾಕಬೇಡಿ, ಮಣ್ಣಿಗೆ ಬೆರಳು ಚುಚ್ಚಿ ನೋಡಿ. ಮೇಲಿನ 2 ಸೆಂಟಿಮೀಟರ್ ಒಣಗಿದ್ದರೆ ಮಾತ್ರ ನೀರು. ಕುಂಡದ ತೂತು ಕಟ್ಟಿಲ್ಲ ಅಲ್ವಾ?