ಕಬ್ಬಿನ ಗದ್ದೆಯಲ್ಲಿ ಗುಳ್ಳೆನರಿಗಳು ಮರಿ ಹಾಕಿವೆ, ಏನು ಮಾಡಬೇಕು?

ಪ್ರಶ್ನೆ (ಪಾಂಡವಪುರ):
ನಮ್ಮ ಕಬ್ಬಿನ ಗದ್ದೆಯಲ್ಲಿ ಗುಳ್ಳೆನರಿಗಳು ಮರಿ ಹಾಕಿವೆ. ಕಳೆದ ವಾರ ಮುಸ್ಸಂಜೆಯ ಹೊತ್ತಿನಲ್ಲಿ ಎರಡು ನಾಟಿ ಕೋಳಿಗಳನ್ನು ಹೊತ್ತೊಯ್ದವು. ಕೊಟ್ಟಿಗೆಯಲ್ಲಿ ಎಳೆಯ ಕುರಿಮರಿಗಳಿರುವುದರಿಂದ ಮನೆಯವರು ಹೆದರಿದ್ದಾರೆ. ವಿಷವಿಡುವಂತೆ ಕೆಲವರು ಹೇಳುತ್ತಿದ್ದರೂ ನನ್ನ ಮನಸ್ಸು ಒಪ್ಪುತ್ತಿಲ್ಲ. ಬೇರೆ ದಾರಿಯಿದ್ದರೆ ದಯವಿಟ್ಟು ತಿಳಿಸಿ.

ಉತ್ತರ (ಮದ್ದೂರು):
ವಿಷ ಖಂಡಿತ ಬೇಡ, ಅಣ್ಣ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ನರಿಯನ್ನು ಕೊಲ್ಲುವುದು ಅಪರಾಧ. ಮೇಲಾಗಿ ಆ ವಿಷವನ್ನು ಮೊದಲು ತಿನ್ನುವುದು ನಿಮ್ಮದೇ ಮನೆಯ ನಾಯಿಯಾಗಿರಬಹುದು. ಕಬ್ಬನ್ನು ಕಡಿದು ಹಾಳುಮಾಡುವ ಇಲಿ, ಹೆಗ್ಗಣಗಳೇ ನರಿಯ ಮುಖ್ಯ ಆಹಾರಗಳಲ್ಲಿ ಸೇರಿರುವುದರಿಂದ, ನಮಗೆ ಅದರಿಂದಾಗುವ ಉಪಕಾರವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಕೋಳಿಗಳನ್ನು ಹೊತ್ತು ಮುಳುಗುವ ಮೊದಲೇ ಗೂಡಿಗೆ ಸೇರಿಸಿ, ತಂತಿಬಲೆಯ ಬುಡವನ್ನು ಒಂದಡಿ ಮಣ್ಣಿನೊಳಗೆ ಹೂತುಬಿಡಿ.

ಉತ್ತರ (ಮೇಲುಕೋಟೆ):
ತೋಳಗಳ ರಕ್ಷಣೆಗಾಗಿ 1974ರಲ್ಲಿ ವನ್ಯಧಾಮವಾದ ಊರು ನಮ್ಮದು. ಇಲ್ಲಿ ಕುರಿ ಸಾಕುವವರು ರಾತ್ರಿ ರೊಪ್ಪಕ್ಕೆ ಮುಳ್ಳಿನ ಬೇಲಿ ಕಟ್ಟಿ, ನಾಯಿಗಳೊಂದಿಗೆ ಕಾವಲಿರುತ್ತಾರೆ. ಸತ್ತ ಕೋಳಿಯನ್ನಾಗಲಿ ಕರುವಿನ ಮಾಸನ್ನಾಗಲಿ ಬಯಲಿಗೆ ಎಸೆಯದೆ ಆಳವಾಗಿ ಹೂಳಿರಿ, ಏಕೆಂದರೆ ನರಿಗೆ ಮನೆಯ ದಾರಿ ತೋರಿಸುವುದು ಆ ವಾಸನೆಯೇ. ನಾಯಿಗಳಿಗೆ ರೇಬೀಸ್ ಲಸಿಕೆ ಹಾಕಿಸಿ. ನರಿ ಯಾರನ್ನಾದರೂ ಕಚ್ಚಿದರೆ ಗಾಯವನ್ನು ಸೋಪು ಹಚ್ಚಿ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆದು, ಅಂದೇ ಆಸ್ಪತ್ರೆಗೆ ಹೋಗಬೇಕು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ನಾಳೆಯೇ ಬಲೆ ತರುತ್ತೇನೆ. ಮರಿಗಳು ದೊಡ್ಡವಾಗುವವರೆಗೆ ಆ ಮೂಲೆಯ ಕಬ್ಬನ್ನು ಕಡಿಸುವುದಿಲ್ಲ.