ಹಿಮೋಗ್ಲೋಬಿನ್: ಆಕ್ಸಿಜನ್ ಕೂಡಿದ ಫೈಲ್‌ನಲ್ಲಿ ಎ–ಡಿ ಚೈನ್‌ಗಳ ನಡುವೆ ಒಂದೂ ಕಾಂಟ್ಯಾಕ್ಟ್ ಸಿಗುತ್ತಿಲ್ಲ [ಪರಿಹಾರ ಸಿಕ್ಕಿದೆ]

ಎಂಎಸ್‌ಸಿ_ಎರಡನೇ_ವರ್ಷ:

ಎಲ್ಲರಿಗೂ ನಮಸ್ಕಾರ. ಬಯೋಕೆಮಿಸ್ಟ್ರಿ ಓದುತ್ತಿದ್ದೇನೆ. ಪ್ರಾಜೆಕ್ಟ್‌ಗೆ ಮನುಷ್ಯರ ಹಿಮೋಗ್ಲೋಬಿನ್ ತಗೊಂಡಿದ್ದೇನೆ. ಆಕ್ಸಿಜನ್ ಇಲ್ಲದಾಗ ಚೈನ್‌ಗಳ ನಡುವೆ ಯಾವ ರೆಸಿಡ್ಯೂಗಳು (ಚೈನ್‌ನ ಒಂದೊಂದು ಅಮೈನೋ ಆಮ್ಲ) ಒಂದಕ್ಕೊಂದು ತಾಗುತ್ತವೆ, ಆಕ್ಸಿಜನ್ ಸೇರಿದ ಮೇಲೆ ಯಾವುವು ಬಿಡುತ್ತವೆ ಅಂತ ಪಟ್ಟಿ ಮಾಡಬೇಕು. ಆಕ್ಸಿಜನ್ ಇಲ್ಲದ್ದಕ್ಕೆ 4ಎಚ್‌ಎಚ್‌ಬಿ, ಇರುವುದಕ್ಕೆ 1ಎಚ್‌ಎಚ್‌ಒ ಫೈಲ್ ಪಿಡಿಬಿಯಿಂದ (ಪ್ರೋಟೀನ್ ರಚನೆಗಳ ಸಾರ್ವಜನಿಕ ಸಂಗ್ರಹ) ಇಳಿಸಿಕೊಂಡೆ. ಬಯೋಪೈಥಾನ್‌ನಲ್ಲಿ (ಜೀವವಿಜ್ಞಾನಕ್ಕಾಗಿರುವ ಪೈಥಾನ್ ಲೈಬ್ರರಿ) ಸ್ಕ್ರಿಪ್ಟ್ ಬರೆದಿದ್ದೇನೆ. ಎರಡು ರೆಸಿಡ್ಯೂಗಳ ಸಿ-ಆಲ್ಫಾಗಳ ನಡುವೆ 8 ಆಂಗ್‌ಸ್ಟ್ರಾಮ್‌ಗಿಂತ ಕಮ್ಮಿ ಇದ್ದರೆ ಕಾಂಟ್ಯಾಕ್ಟ್ ಅಂತ ಲೆಕ್ಕ. (ಸಿ-ಆಲ್ಫಾ ಅಂದರೆ ಪ್ರತಿ ಅಮೈನೋ ಆಮ್ಲದ ನಡುವಿನ ಕಾರ್ಬನ್; ಆಂಗ್‌ಸ್ಟ್ರಾಮ್ ಅಂದರೆ ಮೀಟರಿನ ಸಾವಿರ ಕೋಟಿಯಲ್ಲಿ ಒಂದು ಭಾಗ.)

ಫೈಲ್‌ನಲ್ಲಿ ಎ, ಸಿ ಆಲ್ಫಾ ಚೈನ್‌ಗಳು; ಬಿ, ಡಿ ಬೀಟಾ ಚೈನ್‌ಗಳು. ತೊಂದರೆ ಎರಡು. ಮೊದಲನೆಯದು, 4ಎಚ್‌ಎಚ್‌ಬಿಯಲ್ಲಿ ಎ–ಡಿ ಚೈನ್‌ಗಳ ನಡುವೆ ಕಾಂಟ್ಯಾಕ್ಟ್ ಸಿಗುತ್ತವೆ, 1ಎಚ್‌ಎಚ್‌ಒನಲ್ಲಿ ಸೊನ್ನೆ. ಆಕ್ಸಿಜನ್ ಸೇರಿದರೆ ಅಷ್ಟೂ ಕಳಚಿಕೊಳ್ಳುತ್ತವಾ? ಎರಡನೆಯದು, ಆಲ್ಫಾದ 40ನೇ ಲೈಸಿನ್ ಮತ್ತು ಬೀಟಾದ 146ನೇ ಹಿಸ್ಟಿಡಿನ್ ನಡುವೆ ಸಾಲ್ಟ್ ಬ್ರಿಡ್ಜ್ (ಧನ ಮತ್ತು ಋಣ ಚಾರ್ಜ್‌ಗಳ ನಡುವಿನ ಹಿಡಿತ) ಇದೆ ಅಂತ ಪಠ್ಯಪುಸ್ತಕದಲ್ಲಿದೆ. ನನ್ನ ಸಾಲ್ಟ್ ಬ್ರಿಡ್ಜ್ ಸ್ಕ್ರಿಪ್ಟ್‌ಗೆ ಅದು 4ಎಚ್‌ಎಚ್‌ಬಿಯಲ್ಲೂ ಕಾಣುತ್ತಿಲ್ಲ. ನಾಳಿದ್ದು ಗೈಡ್‌ಗೆ ತೋರಿಸಬೇಕು. ಎರಡು ದಿನದಿಂದ ಇದರಲ್ಲೇ ಒದ್ದಾಡುತ್ತಿದ್ದೇನೆ.

ಹರಳುಗಾರ:

ಗಾಬರಿ ಬೇಡಮ್ಮ, ಇದು ತುಂಬಾ ಜನ ಎಡವುವ ಜಾಗ. ಮೊದಲು ಒಂದು ಕೆಲಸ ಮಾಡಿ. ನೀರು, ಹೀಮ್ ಎಲ್ಲ ಬಿಟ್ಟು ಬರೀ ಅಮೈನೋ ಆಮ್ಲಗಳನ್ನು ಎಣಿಸಿ. ಎರಡೂ ಫೈಲ್‌ನಲ್ಲಿ ಎಷ್ಟೆಷ್ಟು ಬರುತ್ತೆ?

ಎಂಎಸ್‌ಸಿ_ಎರಡನೇ_ವರ್ಷ:

ಸರ್, 4ಎಚ್‌ಎಚ್‌ಬಿಯಲ್ಲಿ 574. 1ಎಚ್‌ಎಚ್‌ಒನಲ್ಲಿ 287. ಸರಿಯಾಗಿ ಅರ್ಧ!

ಹರಳುಗಾರ:

ಅಲ್ಲೇ ಇದೆ ನೋಡಿ ಉತ್ತರ. ಆಲ್ಫಾ ಚೈನ್‌ನಲ್ಲಿ 141, ಬೀಟಾದಲ್ಲಿ 146. ಕೂಡಿದರೆ 287. ಹಿಮೋಗ್ಲೋಬಿನ್ ಅಂದರೆ ಎರಡು ಆಲ್ಫಾ, ಎರಡು ಬೀಟಾ. ನಿಮ್ಮ 1ಎಚ್‌ಎಚ್‌ಒ ಫೈಲ್‌ನಲ್ಲಿ ಅರ್ಧ ಅಣು ಮಾತ್ರ ಇದೆ. ಡಿ ಅನ್ನುವ ಚೈನೇ ಅಲ್ಲಿಲ್ಲ. ನಿಮ್ಮ ಸೊನ್ನೆಗೂ ಆಕ್ಸಿಜನ್‌ಗೂ ಸಂಬಂಧವಿಲ್ಲ.

ಹೀಗೇಕೆ ಅಂದರೆ, ಈ ರಚನೆಗಳನ್ನು ಕಂಡುಕೊಂಡದ್ದು ಪ್ರೋಟೀನ್‌ನ ಹರಳಿನಿಂದ. ಹರಳಿನಲ್ಲಿ ಅಣುಗಳು ಸಮ್ಮಿತಿಯಲ್ಲಿ ಜೋಡಣೆಯಾಗಿರುತ್ತವೆ. ತಿರುಗಿಸಿ, ಸರಿಸಿ ಉಳಿದದ್ದನ್ನೆಲ್ಲ ಪಡೆಯಬಹುದಾದ ಅತಿ ಚಿಕ್ಕ ತುಣುಕಿಗೆ ಅಸಿಮ್ಮೆಟ್ರಿಕ್ ಯೂನಿಟ್ ಅಂತಾರೆ. ಪಿಡಿಬಿಯ ಮಾಮೂಲಿ ಫೈಲ್‌ನಲ್ಲಿರುವುದು ಆ ತುಣುಕು. ರಂಗೋಲಿಯ ಕಾಲು ಭಾಗ ಬರೆದು, ಉಳಿದದ್ದನ್ನು ಹೀಗೆ ತಿರುಗಿಸಿಕೊಳ್ಳಿ ಅಂತ ಹೇಳಿದ ಹಾಗೆ. 4ಎಚ್‌ಎಚ್‌ಬಿಯ ಹರಳಿನಲ್ಲಿ ಆ ತುಣುಕೇ ಪೂರ್ತಿ ನಾಲ್ಕು ಚೈನ್. 1ಎಚ್‌ಎಚ್‌ಒನಲ್ಲಿ ಅಣುವಿನ ನಡುವಿನ ಸಮ್ಮಿತಿಯ ಅಕ್ಷ ಹರಳಿನ ಅಕ್ಷದ ಮೇಲೇ ಕೂತಿದೆ. ಹಾಗಾಗಿ ಅರ್ಧ ಕೊಟ್ಟರೆ ಸಾಕಾಗುತ್ತೆ. ತಿರುಗಿಸುವ ಲೆಕ್ಕ ಫೈಲ್‌ನ ರಿಮಾರ್ಕ್ 350 ಸಾಲುಗಳಲ್ಲಿರುತ್ತೆ, ತೆರೆದು ನೋಡಿ. ನೀವೇ ಗುಣಿಸಬೇಕಾಗಿಲ್ಲ, ಪಿಡಿಬಿ ತಾಣದಲ್ಲೇ ಬಯಾಲಾಜಿಕಲ್ ಅಸೆಂಬ್ಲಿ ಅಂತ ಬೇರೆ ಫೈಲ್ ಸಿಗುತ್ತೆ. ಅದನ್ನು ಇಳಿಸಿಕೊಳ್ಳಿ.

ಒಂದು ಮಾತು ಕೇಳಲೇಬೇಕು: ಇಲ್ಲದ ಚೈನ್ ಕೇಳಿದರೆ ಸ್ಕ್ರಿಪ್ಟ್ ಎರರ್ ಕೊಟ್ಟು ನಿಲ್ಲಬೇಕಿತ್ತು. ಸೊನ್ನೆ ಹೇಗೆ ಬಂತು?

ಎಂಎಸ್‌ಸಿ_ಎರಡನೇ_ವರ್ಷ:

ಚೈನ್ ಸಿಗದಿದ್ದರೆ ಖಾಲಿ ಪಟ್ಟಿ ಕೊಡು ಅಂತ ನಾನೇ ಬರೆದಿದ್ದೆ ಸರ್. ಎರರ್ ಬಂದು ಮಧ್ಯದಲ್ಲಿ ನಿಲ್ಲಬಾರದು ಅಂತ. ಈಗ ತೆಗೆದೆ.

ಆದರೆ ಅಸೆಂಬ್ಲಿ ಫೈಲ್ ಇಳಿಸಿ ಓಡಿಸಿದರೂ 287 ಅಂತಲೇ ಬರುತ್ತಿದೆ! ಫೈಲ್‌ನ ಗಾತ್ರ ಮಾತ್ರ ಜಾಸ್ತಿಯಾಗಿದೆ.

ಪೈಥಾನ್_ಗೆಳತಿ:

ಇದು ಬಯೋಪೈಥಾನ್ ಕಡೆಯ ವಿಷಯ, ನಾನು ಹೇಳ್ತೀನಿ. ಹಳೆ ಪಿಡಿಬಿ ಫಾರ್ಮ್ಯಾಟ್‌ನ ಅಸೆಂಬ್ಲಿ ಫೈಲ್‌ನಲ್ಲಿ ಎರಡನೇ ಅರ್ಧವನ್ನು ಎರಡನೇ ಮಾಡೆಲ್ ಅಂತ ಇಟ್ಟಿರುತ್ತಾರೆ. ಅದರ ಚೈನ್ ಹೆಸರುಗಳೂ ಮತ್ತೆ ಎ, ಬಿ. ನೀವು ಎಲ್ಲರ ಹಾಗೆ ಸ್ಟ್ರಕ್ಚರ್‌ನ ಸೊನ್ನೆಯನೇ ಮಾಡೆಲ್ ಮಾತ್ರ ತಗೊಂಡಿರುತ್ತೀರಿ, ಅಲ್ವಾ? ಎರಡನೆಯದು ಅಲ್ಲೇ ಪಕ್ಕದಲ್ಲಿ ಸುಮ್ನೆ ಕೂತಿದೆ.

ಎರಡನೇ ಮಾಡೆಲ್‌ನ ಎ ಚೈನ್‌ಗೆ ಸಿ ಅಂತ, ಬಿ ಚೈನ್‌ಗೆ ಡಿ ಅಂತ ಹೆಸರು ಬದಲಾಯಿಸಿ. ಆಮೇಲೆ ಎರಡನ್ನೂ ಮೊದಲನೇ ಮಾಡೆಲ್‌ಗೆ ಸೇರಿಸಿ. ಹೆಸರು ಬದಲಾಯಿಸದೆ ಸೇರಿಸಲು ಹೋದರೆ ಒಪ್ಪುವುದಿಲ್ಲ. ಸೇರಿಸಿದ ಮೇಲೆ ಮತ್ತೆ ಎಣಿಸಿ, 574 ಬರಬೇಕು. ಕಣ್ಣಲ್ಲಿ ನೋಡಬೇಕು ಅಂದರೆ ಪೈಮಾಲ್‌ನಲ್ಲಿ ಅದೇ ಫೈಲ್ ತೆರೆದು ಸ್ಪ್ಲಿಟ್ ಸ್ಟೇಟ್ಸ್ ಕಮಾಂಡ್ ಕೊಡಿ, ನಾಲ್ಕೂ ಚೈನ್ ಒಟ್ಟಿಗೆ ಕಾಣುತ್ತವೆ.

ಇನ್ನೊಂದು, ಸಿ-ಆಲ್ಫಾ 8 ಆಂಗ್‌ಸ್ಟ್ರಾಮ್ ಅಳತೆ ನಿಮ್ಮ ಪ್ರಶ್ನೆಗೆ ಹೊಂದುವುದಿಲ್ಲ. ಪ್ರೋಟೀನ್ ಒಟ್ಟಾರೆ ಹೇಗೆ ಮಡಚಿಕೊಂಡಿದೆ ಅಂತ ನೋಡೋಕೆ ಅದು ಚೆನ್ನಾಗಿದೆ. ನಿಮಗೆ ಬೇಕಿರುವುದು ಯಾರು ಯಾರನ್ನು ಮುಟ್ಟುತ್ತಾರೆ ಅಂತ. ಲೈಸಿನ್ ತನ್ನ ಕೈ (ಸೈಡ್ ಚೈನ್) ಪೂರ್ತಿ ಚಾಚಿದರೆ ಸಿ-ಆಲ್ಫಾದಿಂದ ತುದಿಯ ನೈಟ್ರೋಜನ್‌ಗೆ ಸುಮಾರು 6 ಆಂಗ್‌ಸ್ಟ್ರಾಮ್. ಎದುರಿಗೆ ಅರ್ಜಿನೈನ್‌ನಂಥ ಇನ್ನೊಂದು ಉದ್ದ ಕೈ ಇದ್ದರೆ, ಬೆರಳು ತಾಗುತ್ತಿದ್ದರೂ ಸಿ-ಆಲ್ಫಾಗಳು 10 ಆಂಗ್‌ಸ್ಟ್ರಾಮ್ ದಾಟಿರುತ್ತವೆ. ಹೈಡ್ರೋಜನ್ ಬಿಟ್ಟು ಉಳಿದ ಎಲ್ಲ ಪರಮಾಣು ತಗೊಂಡು 4.5 ಆಂಗ್‌ಸ್ಟ್ರಾಮ್ ಇಡಿ. ನೈಬರ್‌ಸರ್ಚ್ ಕ್ಲಾಸ್‌ನಲ್ಲಿ ರೆಸಿಡ್ಯೂ ಮಟ್ಟದಲ್ಲಿ ಹುಡುಕು ಅಂದರೆ ಜೋಡಿಗಳನ್ನೇ ಕೊಡುತ್ತೆ. ನೀರನ್ನು ಮಾತ್ರ ಮೊದಲೇ ತೆಗೆದುಬಿಡಿ, ಇಲ್ಲದಿದ್ದರೆ ಪಟ್ಟಿ ತುಂಬ ಅದೇ ಇರುತ್ತೆ.

ಹರಳುಗಾರ:

ಗೆಳತಿ ಹೇಳಿದ್ದು ಪೂರ್ತಿ ಸರಿ. ಪರಮಾಣುಗಳ ನಡುವಿನ ಅಂತರಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಾ ಅಂತ ವಿದ್ಯಾರ್ಥಿಗಳು ಕೇಳಿದಾಗಲೆಲ್ಲ ನಾನು ರಾಮಚಂದ್ರನ್ ನಕ್ಷೆಯ (ಪ್ರೋಟೀನ್ ಚೈನ್ ಯಾವ ಯಾವ ಕೋನದಲ್ಲಿ ತಿರುಗಬಹುದು ಅಂತ ತೋರಿಸುವ ನಕ್ಷೆ) ಕಥೆ ಹೇಳುತ್ತೇನೆ. 1963ರಲ್ಲಿ ಮದ್ರಾಸಿನಲ್ಲಿ ಜಿ.ಎನ್. ರಾಮಚಂದ್ರನ್ ಮತ್ತು ಜೊತೆಗಾರರು ಅದನ್ನು ಬರೆದದ್ದೇ, ಯಾವ ಎರಡು ಪರಮಾಣು ಎಷ್ಟು ಹತ್ತಿರ ಬರಬಹುದು ಅನ್ನುವ ಅಳತೆಯಿಂದ. ಆಮೇಲೆ ಅವರು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಈ ಅಂಕಿಗಳು ಸಣ್ಣವಲ್ಲ.

ಇನ್ನು ನಿಮ್ಮ ಎರಡನೇ ತೊಂದರೆ. ಸಾಲ್ಟ್ ಬ್ರಿಡ್ಜ್ ಹುಡುಕುವಾಗ ಯಾವ ಯಾವ ಪರಮಾಣು ತಗೊಂಡಿದ್ದೀರಿ?

ಎಂಎಸ್‌ಸಿ_ಎರಡನೇ_ವರ್ಷ:

574 ಬಂತು! ತುಂಬಾ ಥ್ಯಾಂಕ್ಸ್ ಅಕ್ಕ.

ಸರ್, ಋಣ ಕಡೆಗೆ ಆಸ್ಪಾರ್ಟೇಟ್, ಗ್ಲುಟಮೇಟ್‌ಗಳ ಸೈಡ್ ಚೈನ್ ಆಕ್ಸಿಜನ್. ಧನ ಕಡೆಗೆ ಲೈಸಿನ್, ಅರ್ಜಿನೈನ್, ಹಿಸ್ಟಿಡಿನ್‌ಗಳ ಸೈಡ್ ಚೈನ್ ನೈಟ್ರೋಜನ್. ನಡುವೆ 4 ಆಂಗ್‌ಸ್ಟ್ರಾಮ್ ಒಳಗಿದ್ದರೆ ಸಾಲ್ಟ್ ಬ್ರಿಡ್ಜ್.

ಹರಳುಗಾರ:

ಲೈಸಿನ್ ಧನ, ಹಿಸ್ಟಿಡಿನ್ ಕೂಡ ಧನ. ಹಾಗಾದರೆ ಇವೆರಡರ ನಡುವೆ ಸೇತುವೆ ಹೇಗೆ? 146 ಬೀಟಾ ಚೈನ್‌ನ ಕಟ್ಟಕಡೆಯ ರೆಸಿಡ್ಯೂ. ಚೈನ್ ಮುಗಿಯುವ ಜಾಗದಲ್ಲಿ ಕಾರ್ಬಾಕ್ಸಿಲ್ ಗುಂಪು ಬಿಡುವಾಗಿರುತ್ತೆ, ಅದಕ್ಕೆ ಋಣ ಚಾರ್ಜ್ ಇರುತ್ತೆ. ಎದುರು ಆಲ್ಫಾದ 40ನೇ ಲೈಸಿನ್ ಹಿಡಿದಿರುವುದು ಆ ಬಾಲವನ್ನು. ಹಿಸ್ಟಿಡಿನ್‌ನ ಉಂಗುರ ತನ್ನದೇ ಚೈನ್‌ನ 94ನೇ ಆಸ್ಪಾರ್ಟೇಟ್ ಕಡೆ ತಿರುಗಿಕೊಂಡಿದೆ. ಒಂದೇ ರೆಸಿಡ್ಯೂ, ಎರಡು ಕೈಯಲ್ಲಿ ಎರಡು ಹಿಡಿತ. ಆಕ್ಸಿಜನ್ ಸೇರುವಾಗ ಇಂಥ ಸೇತುವೆಗಳು ಮುರಿಯುತ್ತವೆ ಅಂತ ಹಿಮೋಗ್ಲೋಬಿನ್‌ನ ರಚನೆ ಬಿಡಿಸಿದ ವಿಜ್ಞಾನಿ ಮ್ಯಾಕ್ಸ್ ಪೆರುಟ್ಜ್ 1970ರಲ್ಲಿ ವಿವರಿಸಿದ್ದು. ಇಡೀ ಪ್ರೋಟೀನ್‌ನಲ್ಲಿ ನನಗೆ ತುಂಬಾ ಇಷ್ಟದ ಜಾಗ ಇದು.

ಋಣ ಪಟ್ಟಿಗೆ ಪ್ರತಿ ಚೈನ್‌ನ ಕೊನೆಯ ರೆಸಿಡ್ಯೂನ ಓ ಮತ್ತು ಓಎಕ್ಸ್‌ಟಿ ಪರಮಾಣುಗಳನ್ನು (ಆ ಕಾರ್ಬಾಕ್ಸಿಲ್‌ನ ಎರಡು ಆಕ್ಸಿಜನ್) ಸೇರಿಸಿ. ಧನ ಪಟ್ಟಿಗೆ ಮೊದಲ ರೆಸಿಡ್ಯೂನ ಎನ್ (ನೈಟ್ರೋಜನ್) ಕೂಡ.

ಹಾಗೇ, ನೀವು ಕೊಟ್ಟ ಚೈನ್ ಹೆಸರು ನಂಬಿ ಎರಡು ಫೈಲ್‌ಗಳನ್ನು ಹೋಲಿಸಬೇಡಿ. ಪ್ರತಿ ಆಲ್ಫಾಗೂ ಎರಡು ಬೀಟಾ ನೆರೆಯವು. ಒಂದರ ಜೊತೆ ಗಟ್ಟಿ ಜೋಡಿ, ಇನ್ನೊಂದರ ಜೊತೆ ಜಾರುವ ಜೋಡಿ. 1ಎಚ್‌ಎಚ್‌ಒನಲ್ಲಿ ಆಲ್ಫಾದ 94ನೇ ಆಸ್ಪಾರ್ಟೇಟ್ ಬೀಟಾದ 102ನೇ ಆಸ್ಪರಾಜಿನ್ ಜೊತೆ ಯಾವ ಜೋಡಿಯಲ್ಲಿ ಹೈಡ್ರೋಜನ್ ಬಂಧದ ಅಂತರದಲ್ಲಿ ಸಿಗುತ್ತೋ, ಅದೇ ಜಾರುವ ಜೋಡಿ. 4ಎಚ್‌ಎಚ್‌ಬಿಯಲ್ಲಿ ಅದರ ಗುರುತು ಆಲ್ಫಾದ 42ನೇ ಟೈರೋಸಿನ್, ಬೀಟಾದ 99ನೇ ಆಸ್ಪಾರ್ಟೇಟ್.

ಎಂಎಸ್‌ಸಿ_ಎರಡನೇ_ವರ್ಷ:

ಸರ್, ಅಕ್ಕ, ಎಲ್ಲ ಬಂತು! ಬಾಲದ ಆಕ್ಸಿಜನ್ ಸೇರಿಸಿದ ಕೂಡಲೇ 40–146 ಪಟ್ಟಿಯಲ್ಲಿ ಕಾಣಿಸಿತು. ಎ–ಡಿಯಲ್ಲೂ ಇದೆ, ಸಿ–ಬಿಯಲ್ಲೂ ಇದೆ. 3.5 ಆಂಗ್‌ಸ್ಟ್ರಾಮ್ ಇಟ್ಟು ನೋಡಿದೆ. ಆಕ್ಸಿಜನ್ ಇಲ್ಲದ್ದರಲ್ಲಿ 42–99 ಇದೆ, 94–102 ಇಲ್ಲ. ಇರುವುದರಲ್ಲಿ ತಿರುಗಾಮುರುಗಾ. ಪುಸ್ತಕದಲ್ಲಿ ಓದಿದ್ದು ನನ್ನದೇ ಸ್ಕ್ರೀನ್ ಮೇಲೆ ಬಂದಾಗ ಕೈ ನಡುಗಿತು.

ಕೊನೆಯ ಪ್ರಶ್ನೆ. ಎರಡರಲ್ಲೂ ಇರುವ ಕೆಲವು ಜೋಡಿಗಳ ಅಂತರ 0.2 ಆಂಗ್‌ಸ್ಟ್ರಾಮ್‌ನಷ್ಟು ಬೇರೆ ಇದೆ. ಅದನ್ನೂ ಬದಲಾವಣೆ ಅಂತ ಬರೆಯಬಹುದಾ?

ಹರಳುಗಾರ:

ಬೇಡ. ಒಂದರ ರೆಸಲ್ಯೂಶನ್ (ಎಷ್ಟು ಸಣ್ಣ ವಿವರ ಕಾಣುತ್ತೆ ಅನ್ನುವ ಅಳತೆ) 1.74 ಆಂಗ್‌ಸ್ಟ್ರಾಮ್, ಇನ್ನೊಂದರದು 2.1. ಅಷ್ಟು ಸಣ್ಣ ವ್ಯತ್ಯಾಸದ ಮೇಲೆ ಏನೂ ಕಟ್ಟಬೇಡಿ. ಹಿಡಿತ ಇದ್ದದ್ದು ಬಿಟ್ಟಿದೆಯಾ, ಹೊಸದು ಬಂದಿದೆಯಾ, ಅಷ್ಟು ಬರೆಯಿರಿ. ಗೈಡ್‌ಗೆ ತೋರಿಸುವಾಗ ಆ 287ರ ವಿಷಯವನ್ನೂ ಬಿಡದೆ ಹೇಳಿ.