ಸಹಾಯ ಬೇಕು: ಕೈಕಸೂತಿಯ ಸೀರೆಗೆ ಬೆಲೆ ಕಟ್ಟುವುದು ಹೇಗೆ?

ಗುಂಪಿನ ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದಲ್ಲಿ ಮನೆಯಲ್ಲೇ ಕಸೂತಿ ಹಾಕುತ್ತೇನೆ. ಈಗ ಕೈಯಲ್ಲಿರುವುದು ಕಪ್ಪು ಚಂದ್ರಕಾಳಿ ಸೀರೆ. ಸೆರಗಿಗೆ ತೇರು ಮತ್ತು ಗೋಪುರ, ಒಡಲಿಗೆ ಸಣ್ಣ ನವಿಲುಗಳು. ಸೀರೆಗೆ 3,200 ರೂಪಾಯಿ, ದಾರಕ್ಕೆ 450 ರೂಪಾಯಿ ಆಗಿದೆ. ಇಷ್ಟು ಲೆಕ್ಕ ಸುಲಭ; ದುಡಿಮೆಯ ಲೆಕ್ಕವೇ ನನಗೆ ಹೊಂದುತ್ತಿಲ್ಲ.

ಕಸೂತಿಯಲ್ಲಿ ಬಟ್ಟೆಯ ಮೇಲೆ ನಕ್ಷೆ ಬರೆದುಕೊಳ್ಳದೆ, ಎಳೆ ಎಣಿಸುತ್ತಲೇ ಸೂಜಿ ಹಾಕಬೇಕು. ಗವಂತಿ, ಮುರ್ಗಿ ಹೊಲಿಗೆಗಳಲ್ಲಿ ಒಳಮೈಯೂ ಹೊರಮೈಯಂತೆಯೇ ಕಾಣಬೇಕಾದ್ದರಿಂದ ಗಂಟು ಹಾಕುವಂತಿಲ್ಲ, ಒಂದು ಎಳೆ ತಪ್ಪಿದರೂ ಅಲ್ಲಿಯವರೆಗೆ ಬಿಚ್ಚಿಕೊಂಡು ಬರಬೇಕು. ಮೊನ್ನೆ ತೇರಿನ ಕಳಸದ ಬಳಿ ಹಾಗೆಯೇ ತಪ್ಪಿ, ಅರ್ಧ ದಿನದ ಕೆಲಸವನ್ನು ಸೂಜಿಯ ಮೊನೆಯಿಂದ ಒಂದೊಂದೇ ಎಳೆ ಎತ್ತಿ ಬಿಚ್ಚಿದೆ. ಒಟ್ಟು 160 ಗಂಟೆ ಹಿಡಿಯುತ್ತದೆ. ಗಂಟೆಗೆ ಕೇವಲ 60 ರೂಪಾಯಿ ಹಿಡಿದರೂ ಸೀರೆಯ ಬೆಲೆ 13,250 ರೂಪಾಯಿ ಆಗುತ್ತದೆ. ಆದರೆ ಯಂತ್ರದ ಕಸೂತಿಯ ಸೀರೆ ನೋಡಿ ಬಂದವರು ಅದರ ಅರ್ಧವನ್ನೂ ಕೊಡಲು ಒಪ್ಪುವುದಿಲ್ಲ. ಕೂಲಿ ಇಳಿಸಲು ನನಗೆ ಮನಸ್ಸಿಲ್ಲ, ಏಕೆಂದರೆ ಜೊತೆಗೆ ಹೊಲಿಯುವ ಇಬ್ಬರಿಗೂ ಅದೇ ದರ.

ಅನುಭವವಿರುವವರು ದಯವಿಟ್ಟು ತಿಳಿಸಿ: ಕೂಲಿಯನ್ನು ಗಂಟೆಗೆ ಹಿಡಿಯುತ್ತೀರೋ, ಚಿತ್ತಾರಕ್ಕೋ? ಬಿಚ್ಚಿ ಹಾಕಿದ ಹೊತ್ತನ್ನು ಸೇರಿಸುತ್ತೀರಾ? ಮುಂಗಡ ಎಷ್ಟು ಪಡೆಯುತ್ತೀರಿ?